ನಾಲ್ಕನೆಯ ಕಂಬ

ಜನವರಿ 22, ಮಂಗಳವಾರ

ಗೌರವ ಸಂಘಕ್ಕೆ ಸೇರಬಯಸುವ ಮಕ್ಕಳ ಅರ್ಜಿಗಳು ಬಂದಿವೆ. ಪ್ರತಿ ವರ್ಷ ಈ ಕಾಲಕ್ಕೆ ನಮ್ಮ ಹೈಸ್ಕೂಲಿನ ಮಕ್ಕಳೆಲ್ಲ ಇದ್ದಕ್ಕಿದ್ದ ಹಾಗೆ ಮಹಾತ್ಮರಾಗಿಬಿಡುತ್ತಾರೆ. ಬರೀ ಅಂಕ ಇದ್ದರೆ ಸಾಲದು. ವಿದ್ಯೆ, ಸೇವೆ, ನಾಯಕತ್ವ, ನಡತೆ ಎಂಬ ನಾಲ್ಕು ಕಂಬಗಳ ಮೇಲೆ ನಮ್ಮ ಸಂಘ ನಿಂತಿದೆ ಎಂದು ಲೈಬ್ರರಿಯ ಗೋಡೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸಿದ್ದಾರೆ. ಹದಿನೆಂಟು ವರ್ಷದಿಂದ ಈ ಸಂಘದ ಸಲಹೆಗಾರ್ತಿಯಾಗಿರುವ ನನಗೆ ಆ ಕಂಬಗಳೊಳಗಿನ ಗೆದ್ದಲಿನ ಪರಿಚಯವೂ ಚೆನ್ನಾಗಿಯೇ ಇದೆ.

ದಂತವೈದ್ಯರ ಮಗಳು ಸ್ಲೋನ್ ವಿಟೇಕರ್ ಕ್ರಿಸ್ಮಸ್ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೋಸ್ಟರಿಕಾಕ್ಕೆ ಹೋಗಿ ಒಂದು ಶಾಲೆಯ ಗೋಡೆಗೆ ನೀಲಿ ಬಣ್ಣ ಬಳಿದು ಬಂದಿದ್ದಾಳೆ. ಫೋಟೋಗಳನ್ನೂ ಲಗತ್ತಿಸಿದ್ದಾಳೆ. ಆ ಗೋಡೆಗೆ ಪ್ರತಿ ವರ್ಷ ಯಾರಾದರೂ ಅಮೆರಿಕದ ಮಕ್ಕಳು ಬಂದು ಬಣ್ಣ ಬಳಿಯುತ್ತಾರಂತೆ. ಈಗ ಗೋಡೆಗಿಂತ ಬಣ್ಣವೇ ದಪ್ಪ ಇರಬೇಕು. ‘ಅಲ್ಲಿಯ ಬಡಮಕ್ಕಳ ನಗು ನನ್ನ ಜೀವನವನ್ನೇ ಬದಲಿಸಿತು’ ಎಂದು ಬರೆದಿದ್ದಾಳೆ. ಬದಲಾದ ಜೀವನದೊಂದಿಗೆ ಇವತ್ತೂ ನನ್ನ ಜೀವಶಾಸ್ತ್ರದ ತರಗತಿಗೆ ತಡವಾಗಿ ಬಂದಳು.

ರೇಲಿನ್ ಸ್ಟ್ಯಾಂಪರ್‌ಳ ಅರ್ಜಿಯಲ್ಲಿ ‘ಸೇವೆ’ ಎಂಬಲ್ಲಿ ಒಂದೇ ಸಾಲು ಇದೆ: ‘ನಮ್ಮ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ.’ ಓದಿ ನನಗೆ ಅಳು ಬಂದಂತಾಯಿತು, ಆಮೇಲೆ ಸಿಟ್ಟು ಬಂತು. ಈ ಹುಡುಗಿಯ ತಾಯಿ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅಜ್ಜಿ ಓಪಲ್‌ಗೆ ಪಾರ್ಶ್ವವಾಯು. ಎತ್ತಿ ಕೂರಿಸುವುದು, ಮೀಯಿಸುವುದು, ಚಮಚೆಯಲ್ಲಿ ತಿನ್ನಿಸುವುದು ಎಲ್ಲ ಇವಳೇ. ಹೀಗಿದ್ದೂ ನನ್ನ ತರಗತಿಯಲ್ಲಿ ಮೊದಲನೆಯವಳು. ಆದರೆ ನಮ್ಮ ನಿಯಮದಲ್ಲಿ ಸ್ವಂತ ಮನೆಯವರಿಗೆ ಮಾಡಿದ್ದು ಸೇವೆಯಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಆದವರೇ ನಮಗೆ ಬೇಕು.

ಫೆಬ್ರವರಿ 5, ಮಂಗಳವಾರ

ಇವತ್ತು ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲವಾದ್ದರಿಂದ ಇಲ್ಲಿ ಹೇಳಿಕೊಳ್ಳುತ್ತೇನೆ.

ಊಟದ ಬಿಡುವಿನಲ್ಲಿ ರೇಲಿನ್‌ಳನ್ನು ಪ್ರಯೋಗಶಾಲೆಗೆ ಕರೆಸಿ ಅರ್ಜಿ ವಾಪಸ್ ಕೊಟ್ಟೆ. ಅವಳ ಮುಖ ಚಿಕ್ಕದಾಯಿತು.

‘ಅಜ್ಜಿನ ನೋಡ್ಕೊಳ್ಳೋದು ಲೆಕ್ಕಕ್ಕಿಲ್ವಾ ಮಿಸ್?’

‘ನನ್ನ ಲೆಕ್ಕಕ್ಕೆ ಇದೆ ಕಣಮ್ಮ, ಸಂಘದ ಲೆಕ್ಕಕ್ಕಿಲ್ಲ.’

‘ಹಾಗಾದ್ರೆ ಬಿಡಿ ಮಿಸ್. ನಂಗೆ ಬೇರೆಯವ್ರ ಮನೇಲಿ ಸೇವೆ ಮಾಡೋಕೆ ಹೊತ್ತೆಲ್ಲಿದೆ?’

ಬಿಡಿ ಎಂದರೆ ಬಿಡುವುದು ಹೇಗೆ? ನಮ್ಮ ಊರಿನ ಟ್ರಸ್ಟಿನವರು ನರ್ಸಿಂಗ್ ಓದುವ ಒಬ್ಬರಿಗೆ ನಾಲ್ಕು ವರ್ಷದ ಪೂರ್ತಿ ಖರ್ಚು ಕೊಡುತ್ತಾರೆ. ಅದು ಸಂಘದ ಸದಸ್ಯರಿಗೆ ಮಾತ್ರ. ಅದು ಸಿಗದಿದ್ದರೆ ಈ ಹುಡುಗಿ ನೇರವಾಗಿ ಅಮ್ಮನ ಹಿಂದೆ ಗೋದಾಮಿಗೆ. ಅದಕ್ಕೇ ನಾನು ಕುರ್ಚಿ ಎಳೆದು ಅವಳ ಪಕ್ಕ ಕೂತೆ.

‘ಹೊಸ ಹಾಳೆ ತಗೋ. ನಾನು ಹೇಳ್ತೀನಿ, ನೀನು ಬರಿ. ಪಕ್ಕದ ಮನೆಯ ಅನಾರೋಗ್ಯಪೀಡಿತ ವೃದ್ಧೆಯೊಬ್ಬರ ಆರೈಕೆ ಮಾಡುತ್ತೇನೆ.’

ಪೆನ್ನು ಹಿಡಿದವಳು ಬರೆಯಲಿಲ್ಲ. ‘ಪಕ್ಕದ ಮನೆ ಅಲ್ವಲ್ಲ ಮಿಸ್. ನಮ್ಮ ಟ್ರೇಲರ್ ಮನೇಲೇ, ನನ್ನ ಹಾಸಿಗೆ ಪಕ್ಕದಲ್ಲೇ ಇರೋದು.’

‘ಹಾಸಿಗೆ ಪಕ್ಕ, ಮನೆ ಪಕ್ಕ, ಎಲ್ಲ ಒಂದೇ. ಬರಿ.’

‘ಸುಳ್ಳಾಗಲ್ವಾ?’

‘ಸುಳ್ಳು ಅಂದ್ರೆ ಮಾಡದೇ ಇರೋದನ್ನ ಮಾಡಿದೆ ಅನ್ನೋದು. ನೀನು ಮಾಡ್ತಿಲ್ವಾ? ಇಡೀ ಊರಿನ ಮಕ್ಕಳಿಗಿಂತ ಜಾಸ್ತಿ ಮಾಡ್ತಿದೀಯ. ನಿಯಮ ಬರೆದವರು ಮುಠ್ಠಾಳರಾದ್ರೆ ಅದಕ್ಕೆ ನೀನು ಯಾಕೆ ದಂಡ ಕಟ್ಟಬೇಕು? ಯಾರಾದ್ರೂ ಕೇಳಿದ್ರೆ ಮಿಸ್ ಪ್ರುಯಿಟ್ ಹೇಳಿದ್ರು ಅನ್ನು. ನಾನಿದ್ದೀನಿ.’

ಕೊನೆಗೆ ಬರೆದಳು. ಮೊದಲಿನ ಹಾಳೆಯನ್ನು ನಾನೇ ಹರಿದು ಬುಟ್ಟಿಗೆ ಹಾಕಿದೆ. ಮನಸ್ಸು ಹಗುರವಾಗಿದೆ. ಈ ವೃತ್ತಿಯಲ್ಲಿ ಬೆನ್ನೆಲುಬು ಇರುವವರು ಇನ್ನೂ ಇದ್ದೇವೆ.

ಫೆಬ್ರವರಿ 21, ಗುರುವಾರ

ಆಯ್ಕೆ ಸಮಿತಿ ಇವತ್ತು ಕೂತಿತ್ತು. ಐದು ಜನ ಅಧ್ಯಾಪಕರು, ಗುಪ್ತ ಮತದಾನ. ನನಗೆ ಮತವಿಲ್ಲ, ಸಲಹೆಗಾರ್ತಿ ಬರೀ ಎಣಿಸುತ್ತಾಳೆ. ಇತಿಹಾಸದ ಗ್ರೆಗ್ ಹಾಲ್ಡರ್‌ಮನ್ ಕುಸ್ತಿ ತಂಡದ ಕೋಚ್ ಕೂಡ. ಮಕ್ಕಳನ್ನು ನೋಡಿದರೆ ತೂಕ ಹಾಕುವ ಅಭ್ಯಾಸ. ಆದರೆ ರೇಲಿನ್‌ಳ ಅರ್ಜಿ ಓದಿ ಅವನೂ ಕರಗಿದ.

‘ನೋಡು ಲೊರೇನ್, ಇದು ಸೇವೆ ಅಂದ್ರೆ. ಪಕ್ಕದ ಮನೆ ಮುದುಕಿ, ಸಂಬಂಧ ಇಲ್ಲ ಏನಿಲ್ಲ! ಗೋಡೆಗೆ ಬಣ್ಣ ಬಳಿಯೋರಿಗೆ ಇದನ್ನ ತೋರಿಸ್ಬೇಕು.’

ಐದಕ್ಕೆ ಐದು ಮತ ಬಿತ್ತು. ಸಂಬಂಧವಿಲ್ಲದ್ದರಿಂದ ದೊಡ್ಡದು, ಸಂಬಂಧವಿದ್ದಿದ್ದರೆ ಸೊನ್ನೆ. ನಗು ತಡೆಯಲು ನಾನು ಕಾಫಿ ಕುಡಿಯುತ್ತ ಕೂತೆ.

ಫೆಬ್ರವರಿ 26, ಮಂಗಳವಾರ

ನಾಳೆ ಹೆಗಲು ತಟ್ಟುವ ದಿನ. ಆಯ್ಕೆಯಾದವರಿಗೆ ವಿಷಯ ಗೊತ್ತಿರುವುದಿಲ್ಲ. ಹಳೆಯ ಸದಸ್ಯರು ಮೆರವಣಿಗೆಯಲ್ಲಿ ತರಗತಿಗೆ ನುಗ್ಗಿ, ಆರಿಸಿದವರ ಹೆಗಲು ತಟ್ಟಿ, ಕೈಗೆ ಗುಲಾಬಿ ಕೊಡುತ್ತಾರೆ. ಹಿಂದಿನ ದಿನ ನಾನು ತಂದೆ ತಾಯಿಗೆ ಗುಟ್ಟಾಗಿ ಫೋನ್ ಮಾಡಿರುತ್ತೇನೆ. ಅವರು ಬೆಳಿಗ್ಗೆ ಬಂದು ಲೈಬ್ರರಿಯಲ್ಲಿ ಅಡಗಿ ಕೂತು, ಮೆರವಣಿಗೆಯ ಬೆನ್ನಿಗೇ ಬಂದು ಮಕ್ಕಳನ್ನು ತಬ್ಬಿಕೊಳ್ಳಬೇಕು. ಈ ಸಂಘದಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಪದ್ಧತಿ ಇದೊಂದೇ.

ರೇಲಿನ್‌ಳ ತಾಯಿ ಡಾನಾ ಮೊದಲು ಹೆದರಿದಳು. ‘ಸ್ಕೂಲಿಂದ ಫೋನಾ? ಏನ್ ಮಾಡಿದ್ಲು ನಮ್ಮ ಹುಡುಗಿ?’

ವಿಷಯ ಹೇಳಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. ‘ನಮ್ಮನೇಲಿ ಹೈಸ್ಕೂಲು ಮುಗಿಸಿದೋರೇ ಇಲ್ಲ ಮಿಸ್ ಪ್ರುಯಿಟ್. ಡ್ಯೂಟಿ ಮುಗಿಸ್ಕೊಂಡು ನೇರ ಬರ್ತೀನಿ. ಯೂನಿಫಾರಮ್‌ನಲ್ಲಿ ಬಂದ್ರೆ ನಡಿಯತ್ತಾ?’

ಹೇಗೆ ಬಂದರೂ ನಡೆಯುತ್ತದೆ, ನಾಳೆ ಆ ಲೈಬ್ರರಿಯಲ್ಲಿ ನಿನಗಿಂತ ದೊಡ್ಡವರು ಯಾರೂ ಇರುವುದಿಲ್ಲ ಎಂದೆ.

ಫೆಬ್ರವರಿ 27, ಬುಧವಾರ

ಬರೆಯಲು ಕೈ ಬರುತ್ತಿಲ್ಲ.

ಮೆರವಣಿಗೆ ಹೊರಡುವ ಮೊದಲು ಗ್ರೆಗ್ ನನ್ನನ್ನು ಪ್ರಿನ್ಸಿಪಾಲ್ ಬೀಸ್ಲಿಯ ಕೋಣೆಗೆ ಕರೆದುಕೊಂಡು ಹೋದ. ಬೀಸ್ಲಿ ನನ್ನ ಹತ್ತಿರವೇ ಕಪ್ಪೆ ಕೊಯ್ದು ಕಲಿತವನು, ಈಗಲೂ ನನ್ನನ್ನು ಮಿಸ್ ಎಂದೇ ಕರೆಯುತ್ತಾನೆ. ಗ್ರೆಗ್ ನಿನ್ನೆ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ರೇಲಿನ್‌ಳನ್ನು ಹೊಗಳಿದನಂತೆ. ಅವನ ಹೆಂಡತಿ ಚರ್ಚಿನ ಪರವಾಗಿ ಕಾಯಿಲೆಯವರ ಮನೆಗಳಿಗೆ ಊಟ ತಲುಪಿಸುವವಳು. ‘ಯಾವ ಪಕ್ಕದ ಮನೆ ರೀ? ಓಪಲ್ ಅವಳ ಸ್ವಂತ ಅಜ್ಜಿ. ಒಂದೇ ಟ್ರೇಲರ್‌ನಲ್ಲಿ ಇದ್ದಾರೆ’ ಎಂದಳಂತೆ.

‘ನಾನು ಎಲ್ಲರೆದುರು ಹೊಗಳಿದ್ದೆ ಲೊರೇನ್. ನನ್ನನ್ನ ಮಂಗ ಮಾಡಿದ್ಲು’ ಎಂದ ಗ್ರೆಗ್. ಅವನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

‘ನಿಮಗೆ ಇದು ಗೊತ್ತಿತ್ತಾ ಮಿಸ್?’ ಎಂದು ಬೀಸ್ಲಿ ಕೇಳಿದ. ಸುಮ್ಮನೆ ಕೇಳಿದ್ದು, ಅನುಮಾನದಿಂದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ನಾನು ಗಡಬಡಿಸಿ, ‘ಅರ್ಜಿ ಬಂದಿದ್ದನ್ನ ಬಂದ ಹಾಗೆ ಸಮಿತಿಗೆ ಕೊಟ್ಟಿದ್ದೀನಿ’ ಎಂದೆ. ವಿದ್ಯಾರ್ಥಿಯಿಂದ ಸುಳ್ಳು ಬರೆಸಿದ ಅಧ್ಯಾಪಕಿಯ ಲೈಸೆನ್ಸ್ ಉಳಿಯುವುದಿಲ್ಲ. ಪಿಂಚಣಿಗೆ ಇನ್ನು ಹೆಚ್ಚು ಕಾಲವಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅಷ್ಟೆ. ಸಮಿತಿ ಅವಳನ್ನು ಕರೆಸಿ ವಿಚಾರಣೆ ಮಾಡುತ್ತದಂತೆ, ಆ ದಿನ ಎಲ್ಲ ಸರಿಯಾಗಿ ಹೇಳುತ್ತೇನೆ.

ಇವತ್ತಿನ ಮಟ್ಟಿಗೆ ಅವಳ ಹೆಗಲು ತಟ್ಟುವುದು ಬೇಡ ಎಂದ ಬೀಸ್ಲಿ. ತಾಯಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಡಾನಾ ಲೈಬ್ರರಿಯ ಮೂಲೆಯಲ್ಲಿ ಗೋದಾಮಿನ ಹಳದಿ ಜಾಕೆಟ್ಟಿನಲ್ಲಿಯೇ ಕೂತಿದ್ದಳು. ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಕೈಯಲ್ಲಿ ‘ಅಭಿನಂದನೆ’ ಎಂದು ಬರೆದ ಬಲೂನು. ಸುತ್ತಲೂ ವಿಟೇಕರ್ ದಂಪತಿಗಳಂಥವರು. ‘ಒಂದು ಸಣ್ಣ ಗೊಂದಲ ಆಗಿದೆ’ ಎಂದೆ. ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ.

‘ಬೇರೆ ಯಾರೋ ರೇಲಿನ್‌ಗೆ ಬಂದಿದ್ದಾ ಫೋನು?’ ಎಂದು ಕೇಳಿದಳು.

ಅಷ್ಟರಲ್ಲಿ ಮೆರವಣಿಗೆ ಹೊರಟಿತು. ಉಳಿದವರೆಲ್ಲ ಎದ್ದು ಹೋದರು. ಅವಳು ಬಲೂನನ್ನು ಎದೆಗೊತ್ತಿಕೊಂಡು ಹಿಂಬಾಗಿಲಿನಿಂದ ಹೋದಳು, ಮಗಳ ಕಣ್ಣಿಗೆ ಬೀಳಬಾರದೆಂದು.

ಫೆಬ್ರವರಿ 28, ಗುರುವಾರ

ವಿಚಾರಣೆ ಮಂಗಳವಾರ. ಹೇಳುತ್ತೇನೆ. ಹೇಗೆ ಹೇಳಬೇಕೆಂಬುದಷ್ಟೆ ಯೋಚನೆ.

ಮಾರ್ಚ್ 5, ಮಂಗಳವಾರ

ಸಮಿತಿಯ ಎದುರು ಹುಡುಗಿ ಒಬ್ಬಳೇ ಬಂದಳು. ತಾಯಿಗೆ ರಜೆ ಸಿಗಲಿಲ್ಲವಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದಳು. ನಾನು ಮೇಜಿನ ತುದಿಯಲ್ಲಿ ನಡಾವಳಿ ಬರೆದುಕೊಳ್ಳಲು ಕೂತಿದ್ದೆ.

ಗ್ರೆಗ್ ಮೆತ್ತಗೇ ಕೇಳಿದ. ‘ರೇಲಿನ್, ಪಕ್ಕದ ಮನೆ ಅಂತ ಯಾಕಮ್ಮ ಬರೆದೆ?’

‘ಅಜ್ಜಿ ಅಂದ್ರೆ ಲೆಕ್ಕಕ್ಕಿಲ್ಲ ಅಂತ ಗೊತ್ತಾಯ್ತು ಸರ್.’

‘ಹೀಗೆ ಬರಿ ಅಂತ ಯಾರಾದ್ರೂ ಹೇಳಿಕೊಟ್ರಾ? ಹೇಳಿದ್ರೆ ನಿಂಗೇನೂ ತೊಂದ್ರೆ ಇಲ್ಲ. ಹಾಗಿದ್ರೆ ನಾವು ಇದನ್ನ ಬೇರೆ ಥರ ನೋಡ್ತೀವಿ.’

ನನ್ನ ಪೆನ್ನು ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಸೋಪಿನ ನೀರಿಗೆ ಬಿರಿದ ಕೈಗಳು.

‘ಇಲ್ಲ ಸರ್. ನಾನೇ ಬರೆದಿದ್ದು.’

ಅವಳನ್ನು ಹೊರಗೆ ಕಳಿಸಿದ ಮೇಲೆ ಗ್ರೆಗ್ ನನ್ನ ಕಡೆ ತಿರುಗಿದ. ‘ಅವಳು ನಿನಗೆ ಚೆನ್ನಾಗಿ ಗೊತ್ತು ಲೊರೇನ್. ಅವಳ ಪರವಾಗಿ ಏನಾದ್ರೂ ಇದ್ರೆ ಹೇಳು. ನಂಗೂ ಇದು ಸಮಾಧಾನ ಇಲ್ಲ. ನಿನ್ನ ಒಂದು ಮಾತು ಸಾಕು.’

ಐದೂ ಜನ ನನ್ನನ್ನೇ ನೋಡುತ್ತಿದ್ದರು. ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಹುಡುಗಿ ಆಗಲೇ ‘ನಾನೇ’ ಎಂದು ಹೇಳಿಯಾಗಿತ್ತು. ಈಗ ನಾನು ಬೇರೆ ಹೇಳಿದರೆ ಅವಳು ಸಮಿತಿಯ ಎದುರೂ ಸುಳ್ಳು ಹೇಳಿದಂತಾಗುತ್ತಿತ್ತು. ಅವಳ ಮೇಲೆ ಇನ್ನೊಂದು ಅಪವಾದ ಹೊರಿಸುವುದು ನನಗೆ ಬೇಡವಾಯಿತು. ‘ಸಲಹೆಗಾರ್ತಿ ತಟಸ್ಥಳಾಗಿರಬೇಕು ಅನ್ನೋದು ನಿಯಮ’ ಎಂದೆ.

ನಡತೆಯ ಕಾರಣಕ್ಕೆ ಅರ್ಜಿ ತಿರಸ್ಕೃತ. ಐದಕ್ಕೆ ಐದು.

ಮಾರ್ಚ್ 7, ಗುರುವಾರ

ತರಗತಿ ಮುಗಿದ ಮೇಲೆ ರೇಲಿನ್ ಹಿಂದೆ ಉಳಿದಳು. ಬಾಗಿಲ ಹತ್ತಿರ ಯಾರೂ ಇಲ್ಲವೆಂದು ನೋಡಿ, ‘ನೀವು ಹೆದರ್ಬೇಡಿ ಮಿಸ್. ನಾನು ಯಾರ ಹತ್ರಾನೂ ಹೇಳಲ್ಲ. ಅಮ್ಮಂಗೂ ಹೇಳಿಲ್ಲ’ ಎಂದಳು.

ನನಗೆ ಇದು ಯಾಕೋ ಹಿಡಿಸಲಿಲ್ಲ. ಹೇಳುವುದಕ್ಕೆ ಏನಿದೆ? ನಾನು ಹೆದರಿದ್ದೇನೆಂದು ಇವಳಿಗೆ ಯಾರು ಹೇಳಿದರು? ಗುಟ್ಟಿನಲ್ಲಿ ಪಾಲುದಾರರ ಹಾಗೆ ದನಿ ತಗ್ಗಿಸಿ ಮಾತಾಡುವುದು ವಿದ್ಯಾರ್ಥಿಗೆ ಶೋಭಿಸುವುದಿಲ್ಲ. ‘ಹೋಮ್‌ವರ್ಕ್ ಕಡೆ ಗಮನ ಕೊಡು’ ಎಂದು ಕಳಿಸಿದೆ.

ಮಾರ್ಚ್ 19, ಮಂಗಳವಾರ

ಗ್ರೆಗ್ ಜೊತೆ ಕಾಫಿ. ಆ ವಿಷಯ ಇನ್ನೂ ಅವನನ್ನು ಕೊರೆಯುತ್ತಿದೆ. ‘ಪಾಪ, ಬಡ ಹುಡುಗಿ. ನಾವು ಸ್ವಲ್ಪ ಕಠಿಣ ಆದ್ವೇನೋ’ ಎಂದ.

ನಾನೇ ಸಮಾಧಾನ ಹೇಳಬೇಕಾಯಿತು. ಬಡತನ ಬೇರೆ, ನಡತೆ ಬೇರೆ. ಬಡವರೆಂದು ರಿಯಾಯಿತಿ ಕೊಟ್ಟರೆ ಬಡವರನ್ನೇ ಅವಮಾನಿಸಿದಂತೆ ಎಂದೆ. ‘ನೀನು ಹೇಳೋದೂ ಸರಿ’ ಎಂದ.

ಅವತ್ತು ಪ್ರಯೋಗಶಾಲೆಯಲ್ಲಿ ನಡೆದದ್ದನ್ನು ಮತ್ತೆ ಮತ್ತೆ ನೆನಪಿಸಿಕೊಂಡಿದ್ದೇನೆ. ನೆರೆಹೊರೆಯವರಿಗೆ ಏನಾದರೂ ಸಹಾಯ ಮಾಡಿದ್ದರೆ ಅದನ್ನು ಬರೆಯಬಹುದು ಎಂದು ಹೇಳಿದ್ದೆ, ಅಷ್ಟೆ. ಯಾರಿಗಾದರೂ ಹೇಳುವ ಸಾಮಾನ್ಯ ಸಲಹೆ. ಅವಳು ಅದನ್ನು ತನಗೆ ಬೇಕಾದ ಹಾಗೆ ತೆಗೆದುಕೊಂಡಳು. ಹದಿನೇಳರ ವಯಸ್ಸಿನಲ್ಲಿ ಕಿವಿ ತನಗೆ ಬೇಕಾದ್ದನ್ನೇ ಕೇಳುತ್ತದೆ. ಹಿಂದಿನ ಪುಟಗಳನ್ನು ತಿರುವಿ ನೋಡುವ ಅಭ್ಯಾಸ ನನಗಿಲ್ಲ, ಅಗತ್ಯವೂ ಇಲ್ಲ.

ಏಪ್ರಿಲ್ 11, ಗುರುವಾರ

ಸಂಜೆ ಪದಗ್ರಹಣ. ಈ ವರ್ಷದಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ ಎಂದು ಎಲ್ಲರೂ ಹೇಳಿದರು. ಸಭಾಂಗಣದ ದೀಪ ಆರಿಸಿ, ನಾಲ್ಕು ಕಂಬಗಳಿಗೆ ನಾಲ್ಕು ಮೇಣದಬತ್ತಿ ಹಚ್ಚಿಸಿದೆವು. ನಡತೆಯ ಬತ್ತಿ ಹಚ್ಚಿದವಳು ಸ್ಲೋನ್ ವಿಟೇಕರ್. ಬಿಳಿ ಉಡುಪಿನಲ್ಲಿ ಎಷ್ಟು ಗಂಭೀರವಾಗಿ ನಡೆದು ಬಂದಳು! ಆ ಹುಡುಗಿಯನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ ಅನಿಸುತ್ತದೆ. ರಜೆಯನ್ನು ಬಿಟ್ಟು ಪರದೇಶದಲ್ಲಿ ಗೋಡೆಗೆ ಬಣ್ಣ ಬಳಿಯಲು ಎಷ್ಟು ಮಕ್ಕಳು ಒಪ್ಪುತ್ತಾರೆ? ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದಿದ್ದಾಳೆ, ಒಂದಕ್ಷರ ಹೆಚ್ಚಿಲ್ಲ. ಟ್ರಸ್ಟಿನ ವಿದ್ಯಾರ್ಥಿವೇತನವೂ ಅವಳಿಗೇ ಘೋಷಣೆಯಾಯಿತು. ನರ್ಸಿಂಗಿಗೆ ಸೇರುತ್ತೇನೆ ಎಂದಿದ್ದಾಳೆ, ಆಮೇಲೆ ಬೇಕಾದರೆ ದಂತವೈದ್ಯಕ್ಕೆ ಬದಲಾಯಿಸಿಕೊಳ್ಳುತ್ತಾಳಂತೆ.

ನನ್ನ ಭಾಷಣ ನಡತೆಯ ಮೇಲೆ. ಯಾರ ಹೆಸರನ್ನೂ ಎತ್ತಲಿಲ್ಲ. ‘ಒಂದು ಸಣ್ಣ ಸುಳ್ಳಿನಿಂದ ದೊಡ್ಡ ಅವಕಾಶವನ್ನು ಕಳೆದುಕೊಂಡವರನ್ನು ಈ ವರ್ಷ ನಾವು ಕಂಡಿದ್ದೇವೆ. ಅದು ನಮ್ಮೆಲ್ಲರ ಹೃದಯ ಒಡೆಯಿತು. ಆದರೆ ಕಂಬ ಅಲುಗಲು ನಾವು ಬಿಡಲಿಲ್ಲ’ ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸೆಸ್ ವಿಟೇಕರ್ ಬಂದು ನನ್ನ ಕೈ ಹಿಡಿದುಕೊಂಡು, ‘ನಿಮ್ಮಂಥವ್ರು ಇರೋದ್ರಿಂದಲೇ ಸ್ಕೂಲು ಉಳಿದಿದೆ’ ಎಂದರು. ಮುಂದಿನ ವರ್ಷ ಅಧ್ಯಾಪಕರ ಗೌರವ ಪ್ರಶಸ್ತಿಗೆ ನನ್ನ ಹೆಸರು ಸೂಚಿಸುವುದಾಗಿ ಬೀಸ್ಲಿ ಹೇಳಿದ.

ಕೇಕು ಸ್ವಲ್ಪ ಜಾಸ್ತಿ ತಿಂದೆ.

ಮೇ 2, ಗುರುವಾರ

ರೇಲಿನ್ ಪ್ರಯೋಗಶಾಲೆಗೆ ಬಂದಳು. ಮಾರ್ಚಿನ ಆ ದಿನದಿಂದ ತರಗತಿಯ ಹೊರಗೆ ಅವಳೊಡನೆ ಮಾತಾಡಿರಲಿಲ್ಲ. ತೆಳ್ಳಗಾಗಿದ್ದಾಳೆ. ಕೌಂಟಿಯ ಕಾಲೇಜಿನಲ್ಲಿ ನರ್ಸ್ ಸಹಾಯಕಿಯ ಸಣ್ಣ ಕೋರ್ಸಿದೆಯಂತೆ. ವಿಜ್ಞಾನದ ಅಧ್ಯಾಪಕರ ಶಿಫಾರಸು ಬೇಕು. ಈ ಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವಳು ನಾನೊಬ್ಬಳೇ.

‘ಅಜ್ಜಿ ಹೇಗಿದ್ದಾರೆ?’ ಎಂದು ಕೇಳಿದೆ.

‘ಹಾಗೇ ಇದ್ದಾರೆ ಮಿಸ್. ನೀವು ಕೇಳಿದ್ರಿ ಅಂತ ಹೇಳ್ತೀನಿ, ಖುಷಿ ಪಡ್ತಾರೆ.’ ಚೀಲದಿಂದ ಶಿಫಾರಸಿನ ಫಾರಂ ತೆಗೆದು, ‘ಇವತ್ತೇ ಕೊನೇ ದಿನ ಮಿಸ್. ನಿಮ್ಮನ್ನ ಕೇಳೋದೋ ಬೇಡ್ವೋ ಅಂತ ತುಂಬ ದಿನ ಯೋಚ್ನೆ ಮಾಡ್ದೆ’ ಎಂದಳು.

ಕೇಳುವುದಕ್ಕೇನು, ನನಗೆ ಯಾರ ಮೇಲೂ ಕೋಪವಿಲ್ಲ, ಆದದ್ದನ್ನು ನಾನು ಮನಸ್ಸಿನಲ್ಲಿಟ್ಟುಕೊಳ್ಳುವವಳಲ್ಲ ಎಂದು ಹೇಳಿ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ.

ಬರೆಯುವುದೇನೂ ಹೆಚ್ಚಿರಲಿಲ್ಲ, ಗುರುತು ಹಾಕಿದರೆ ಸಾಕು. ಶ್ರದ್ಧೆ: ಅತ್ಯುತ್ತಮ. ವಿಷಯಜ್ಞಾನ: ಅತ್ಯುತ್ತಮ. ತಾಳ್ಮೆ: ಅತ್ಯುತ್ತಮ. ಮೂರನ್ನೂ ಸಂತೋಷದಿಂದ ಹಾಕಿದೆ. ಆಮೇಲೆ ಪ್ರಾಮಾಣಿಕತೆ. ಪೆನ್ನು ತಾನಾಗಿಯೇ ಅದೇ ಚೌಕಕ್ಕೆ ಹೋಗುತ್ತಿತ್ತು, ತಡೆದೆ. ಕೆಳಗೆ ನನ್ನ ಸಹಿ ಇರುತ್ತದೆ. ನಾಳೆ ಸಮಿತಿಯ ನಿರ್ಧಾರ ಯಾರ ಕಿವಿಗಾದರೂ ಬಿದ್ದರೆ, ಗೊತ್ತಿದ್ದೂ ಹೀಗೇಕೆ ಬರೆದಿರಿ ಎಂದು ಕೇಳುವುದು ನನ್ನನ್ನು. ಅದು ಹೋಗಲಿ, ಕಾಯಿಲೆಯವರ ಮೈಮುಟ್ಟುವ ಕೆಲಸ, ಔಷಧಿಯ ಬೀರುವಿನ ಕೀಲಿ ಕೈಯಲ್ಲಿರುವ ಕೆಲಸ. ಹುಡುಗಿಯ ಮೇಲೆ ನನಗೆಷ್ಟೇ ಮಮತೆ ಇರಲಿ, ಅವಳಿಗಾಗಿ ನಾನು ಸುಳ್ಳು ಬರೆಯಲಾರೆ. ‘ತೃಪ್ತಿಕರವಲ್ಲ’ ಎಂಬ ಚೌಕವೂ ಇತ್ತು, ಅದಕ್ಕೆ ಹೋಗಲಿಲ್ಲ. ‘ಸಾಧಾರಣ’ ಎಂಬಲ್ಲಿ ಗುರುತು ಹಾಕಿ, ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಹೊರಗೆ ಹೋಗಿ ಅವಳ ಕೈಗೆ ಕೊಟ್ಟೆ.

ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಿಕೆ ಬೀಳದ ಹಾಗೆ ಪುಸ್ತಕದೊಳಗೆ ಇಟ್ಟುಕೊಂಡಳು.

‘ನೀವಿಲ್ದಿದ್ರೆ ನಂಗೆ ಯಾರೂ ಇರ್ಲಿಲ್ಲ ಮಿಸ್’ ಎಂದಳು.

ಬಸ್ಸಿಗೆ ಹೊತ್ತಾಗುತ್ತದೆ, ಹೋಗು ಎಂದೆ.